ಎರಡು ಕ್ರೋನಗಳ ನಡುವಿನ ಹಳೆಯ ದರ: ಪಟ್ಟಿ ಕಟ್ಟುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಫೌಂಡ್ರಿಯಿಂದ ಪಂಪಿನ ಕಾಸ್ಟಿಂಗ್‌ಗಳು ಡೆನ್ಮಾರ್ಕಿಗೂ ಸ್ವೀಡನ್ನಿಗೂ ಹೋಗುತ್ತವೆ. ಒಂದು ಕಡೆಯ ಹಣ ಡೇನಿಷ್ ಕ್ರೋನದಲ್ಲಿ ಬಂದರೆ ಇನ್ನೊಂದು ಕಡೆಯದು ಸ್ವೀಡಿಷ್ ಕ್ರೋನದಲ್ಲಿ ಬರುತ್ತದೆ. "ಎರಡೂ ಕ್ರೋನಾನ ಅಲ್ಲೇನ್ರೀ, ಮತ್ತ ಫರಕ ಯಾಕ ಬೀಳತೈತಿ?" ಎಂದು ಮಾಲಕರು ಕೇಳಿದಾಗ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಉತ್ತರ ಹೊಳೆಯಲಿಲ್ಲ. ಎರಡು ನಾಣ್ಯಗಳ ನಡುವಿನ ದರದ ಇತಿಹಾಸವನ್ನು ಕಟ್ಟಿ ನೋಡಿದ ಮೇಲೆಯೇ ಅದು ಸಿಕ್ಕಿತು. ಅದನ್ನು ಕಟ್ಟುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ದಿನವಾರು ದರ ಬೇಕು. ಯುರೋಪಿಯನ್ ಕೇಂದ್ರ ಬ್ಯಾಂಕಿನ ಜಾಲತಾಣದಲ್ಲಿ 1999ರ ಜನವರಿ 4ರಿಂದ ಈಚಿನ ಎಲ್ಲ ಉಲ್ಲೇಖ ದರಗಳು ಒಂದೇ ಕಡತದಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ಅಲ್ಲಿ ಎಲ್ಲವೂ ಒಂದು ಯೂರೋಗೆ ಎಷ್ಟು ಎಂಬ ಲೆಕ್ಕದಲ್ಲಿರುತ್ತವೆ. ಸ್ವೀಡಿಷ್ ಕ್ರೋನಕ್ಕೆ ಎಷ್ಟು ಡೇನಿಷ್ ಕ್ರೋನ ಎಂಬುದನ್ನು ನಾವೇ ತೆಗೆಯಬೇಕು. ಒಂದೇ ದಿನದ ಡೇನಿಷ್ ಅಂಕಿಯನ್ನು ಸ್ವೀಡಿಷ್ ಅಂಕಿಯಿಂದ ಭಾಗಿಸಿ 100ರಿಂದ ಗುಣಿಸಿದರೆ, 100 ಸ್ವೀಡಿಷ್ ಕ್ರೋನದ ಬೆಲೆ ಡೇನಿಷ್ ಕ್ರೋನದಲ್ಲಿ ಸಿಗುತ್ತದೆ. ಡೆನ್ಮಾರ್ಕಿನ ಕೇಂದ್ರ ಬ್ಯಾಂಕು ಕೂಡ 100 ಪರದೇಶಿ ನಾಣ್ಯಕ್ಕೆ ಎಷ್ಟು ಎಂದೇ ದರ ಬರೆಯುವುದರಿಂದ ತಾಳೆ ನೋಡುವುದು ಸುಲಭವಾಗುತ್ತದೆ. ಭಾಜ್ಯ ಭಾಜಕಗಳು ಅದಲುಬದಲಾದರೆ ಸ್ವೀಡಿಷ್ ಕ್ರೋನ ಕುಸಿದ ವರ್ಷದಲ್ಲಿ ಗೆರೆ ಮೇಲಕ್ಕೆ ಏರುತ್ತದೆ, ನೋಡಿದವರು ಲಾಭವೆಂದು ತಿಳಿಯುತ್ತಾರೆ.

ಕಾಲಂ ಆರಿಸುವಾಗ ಎಚ್ಚರವಿರಲಿ. ಡಿಕೆಕೆ ಎಂದರೆ ಡೆನ್ಮಾರ್ಕಿನದು, ಎಸ್‌ಇಕೆ ಎಂದರೆ ಸ್ವೀಡನ್ನಿನದು, ಎನ್‌ಒಕೆ ಎಂದರೆ ನಾರ್ವೆಯದು, ಐಎಸ್‌ಕೆ ಎಂದರೆ ಐಸ್‌ಲ್ಯಾಂಡಿನದು. ನಾನು ಮೊದಲ ಸಲ ಎಸ್‌ಇಕೆ ಬದಲು ಎನ್‌ಒಕೆ ಕಾಲಮನ್ನು ಎತ್ತಿಕೊಂಡಿದ್ದೆ. ಎರಡೂ ಹತ್ತರ ಆಸುಪಾಸಿನ ಅಂಕಿಗಳೇ ಆದ್ದರಿಂದ ಎರಡು ದಿನ ಗೊತ್ತೇ ಆಗಲಿಲ್ಲ.

ದಿನಾಂಕದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಶನಿವಾರ, ಭಾನುವಾರ, ಗುಡ್ ಫ್ರೈಡೇ, ಮೇ 1, ಡಿಸೆಂಬರ್ 25 ಮತ್ತು 26ರಂಥ ದಿನಗಳಲ್ಲಿ ದರ ಬರುವುದಿಲ್ಲ. ಹಿಂದಿನ ದಿನದ ದರವನ್ನೇ ಇಟ್ಟುಕೊಂಡು, ಹಾಗೆ ಮಾಡಿದ್ದನ್ನು ಪಕ್ಕದಲ್ಲಿ ಗುರುತಿಸಿದರೆ ಸಾಕು. ಅಂದಿನ ದರ ನಮ್ಮ ಗಡಿಯಾರದಲ್ಲಿ ಬೇಸಿಗೆಗೆ ಸಂಜೆ ಏಳೂವರೆ, ಚಳಿಗಾಲಕ್ಕೆ ಎಂಟೂವರೆಯ ಸುಮಾರಿಗೆ ಪ್ರಕಟವಾಗುತ್ತದೆ.

ಸರಾಸರಿ ತೆಗೆಯುವಾಗ ಹಲವರು ಎಡವುತ್ತಾರೆ. ಯೂರೋ ಒಂದು ದಿನ 8 ಸ್ವೀಡಿಷ್ ಕ್ರೋನ, ಇನ್ನೊಂದು ದಿನ 12 ಇತ್ತೆಂದು, ಡೇನಿಷ್ ದರ ಎರಡೂ ದಿನ 7.46 ಎಂದು ಇಟ್ಟುಕೊಳ್ಳಿ. ಮೊದಲೇ ಸರಾಸರಿ 10 ಮಾಡಿಕೊಂಡು ಭಾಗಿಸಿದರೆ 74.60 ಬರುತ್ತದೆ, ದಿನ ದಿನಕ್ಕೆ ಭಾಗಿಸಿದರೆ 93.25 ಮತ್ತು 62.17, ಅವುಗಳ ಸರಾಸರಿ 77.71. ಆದ್ದರಿಂದ ಅಡ್ಡದರವನ್ನು, ಅಂದರೆ ಯೂರೋ ಮೂಲಕ ಭಾಗಿಸಿ ತೆಗೆದ ಎರಡು ಕ್ರೋನಗಳ ನಡುವಿನ ದರವನ್ನು, ದಿನವಾರು ಮೊದಲು ತೆಗೆದು, ತಿಂಗಳ ಅಥವಾ ವರ್ಷದ ಸರಾಸರಿಯನ್ನು ಆಮೇಲೆ ಮಾಡಬೇಕು.

ಈಗ ಪಟ್ಟಿಯನ್ನು ಓದುವ ಕೆಲಸ. ಡೇನಿಷ್ ಕ್ರೋನವನ್ನು 1999ರಿಂದ ಒಂದು ಯೂರೋಗೆ 7.46038 ಎಂಬ ಕೇಂದ್ರ ದರಕ್ಕೆ ಕಟ್ಟಲಾಗಿದ್ದು, ಅದು ಮೇಲಕ್ಕಾಗಲಿ ಕೆಳಕ್ಕಾಗಲಿ ಶೇಕಡಾ 2.25ರಷ್ಟು ಮಾತ್ರ ಸರಿಯಬಹುದು. ವಾಸ್ತವದಲ್ಲಿ ಅದು ಅಷ್ಟೂ ಅಲುಗಿಲ್ಲ, 7.42ರಿಂದ 7.48ರ ಒಳಗೇ ಉಳಿದಿದೆ. ಡೆನ್ಮಾರ್ಕಿನ ಕಾಲಂನಲ್ಲಿ ಇದರಾಚೆಗಿನ ಅಂಕಿ ಕಂಡರೆ ತಪ್ಪು ನಿಮ್ಮ ಹಾಳೆಯಲ್ಲಿದೆ ಎಂದೇ ತಿಳಿಯಿರಿ. ಸ್ವೀಡನ್ ಮಾತ್ರ 1992ರ ನವೆಂಬರ್ 19ರಂದು ಕಟ್ಟು ಬಿಚ್ಚಿತು. ಅದಕ್ಕೆ ಎರಡು ತಿಂಗಳು ಮೊದಲು, ಕಟ್ಟನ್ನು ಉಳಿಸಿಕೊಳ್ಳಲು ಅಲ್ಲಿನ ಕೇಂದ್ರ ಬ್ಯಾಂಕು ತನ್ನ ಬಡ್ಡಿದರವನ್ನು ಶೇಕಡಾ 500ಕ್ಕೆ ಏರಿಸಿತ್ತು; ನಮ್ಮೂರ ಮೀಟರ್ ಬಡ್ಡಿಯವರೂ ಬೆರಗಾಗುವ ಅಂಕಿ. ಹೀಗಾಗಿ ನೀವು ಕಟ್ಟಿದ ಗೆರೆ ಏರಿಳಿಯುವುದೆಲ್ಲ ಹೆಚ್ಚುಕಡಿಮೆ ಸ್ವೀಡನ್ನಿನ ಕಥೆಯೇ. 2009ರ ಮಾರ್ಚ್‌ನಲ್ಲಿ ಯೂರೋ 11.6ರ ಹತ್ತಿರ ಹೋದಾಗ 100 ಸ್ವೀಡಿಷ್ ಕ್ರೋನಕ್ಕೆ ಸಿಗುತ್ತಿದ್ದುದು ಸುಮಾರು 64 ಡೇನಿಷ್ ಕ್ರೋನ. 2012ರ ಆಗಸ್ಟ್‌ನಲ್ಲಿ ಸುಮಾರು 90. 2023ರ ಸೆಪ್ಟೆಂಬರಿನಲ್ಲಿ ಮತ್ತೆ 63ರ ಆಸುಪಾಸು. ಮಾಲಕರ ಪ್ರಶ್ನೆಗೆ ಉತ್ತರ ಇಷ್ಟೇ: ಹೆಸರು ಒಂದೇ ಆದರೂ ಒಂದು ಕ್ರೋನ ಗೂಟಕ್ಕೆ ಕಟ್ಟಿದ ದನ, ಇನ್ನೊಂದು ಬಿಟ್ಟುಮೇಯುವ ದನ.

1999ಕ್ಕಿಂತ ಹಿಂದೆ ಹೋಗಬೇಕೆಂದರೆ ಯೂರೋ ಇರುವುದಿಲ್ಲ, ಡಾಲರಿನ ಮೂಲಕ ಬರಬೇಕು. 1949ರ ಅಪಮೌಲ್ಯದ ನಂತರ ಒಂದು ಡಾಲರಿಗೆ 6.90714 ಡೇನಿಷ್ ಕ್ರೋನ ಮತ್ತು 5.17321 ಸ್ವೀಡಿಷ್ ಕ್ರೋನ ಎಂದು ನಿಗದಿಯಾಗಿತ್ತು. ಭಾಗಿಸಿದರೆ 100 ಸ್ವೀಡಿಷ್ ಕ್ರೋನಕ್ಕೆ 133.5. 1967ರ ನವೆಂಬರಿನಲ್ಲಿ ಡೆನ್ಮಾರ್ಕ್ ಡಾಲರಿಗೆ 7.50ಕ್ಕೆ ಇಳಿಯಿತು, ಸ್ವೀಡನ್ ಕದಲಲಿಲ್ಲ. ಅಡ್ಡದರ 145ಕ್ಕೆ ಬಂತು. ಇಲ್ಲಿ ಶೇಕಡಾವಾರಿನ ಒಂದು ತೊಡಕಿದೆ. ಆ ಇಳಿಕೆಯನ್ನು ಶೇಕಡಾ 7.9 ಎಂದು ಬರೆಯುತ್ತಾರೆ, ಅದು ಕ್ರೋನದ ಬೆಲೆಯಲ್ಲಾದ ಇಳಿಕೆ. ಡಾಲರು ತುಟ್ಟಿಯಾದದ್ದು ಶೇಕಡಾ 8.6. 1982ರಲ್ಲಿ ಸ್ವೀಡನ್ ತನ್ನ ಕ್ರೋನವನ್ನು ಶೇಕಡಾ 16ರಷ್ಟು ಇಳಿಸಿದಾಗಲೂ ಹಾಗೆಯೇ, ಪರದೇಶಿ ನಾಣ್ಯ ತುಟ್ಟಿಯಾದದ್ದು ಶೇಕಡಾ 19. ಹಳೆಯ ಬರಹದಲ್ಲಿ ಶೇಕಡಾವಾರು ಮಾತ್ರ ಸಿಕ್ಕರೆ ಯಾವ ಕಡೆಯಿಂದ ಎಣಿಸಿದ್ದಾರೆ ಎಂದು ನೋಡದೆ ಪಟ್ಟಿಗೆ ಇಳಿಸಬೇಡಿ.

ಇನ್ನೂ ಹಿಂದಕ್ಕೆ 1873ರ ಸ್ಕ್ಯಾಂಡಿನೇವಿಯನ್ ನಾಣ್ಯ ಒಕ್ಕೂಟವಿದೆ. ಆಗ ಒಂದು ಕಿಲೋ ಅಪ್ಪಟ ಚಿನ್ನಕ್ಕೆ ಎರಡೂ ದೇಶಗಳಲ್ಲಿ 2,480 ಕ್ರೋನ, ಅಂದರೆ 100ಕ್ಕೆ 100. ಮೊದಲ ಮಹಾಯುದ್ಧ ಶುರುವಾಗುವವರೆಗಿನ ಆ ಕಾಲವನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಕು. ಆದರೆ ಚಿನ್ನದ ಕಾಲ, ಡಾಲರಿನ ಕಾಲ ಮತ್ತು ಯೂರೋದ ಕಾಲಗಳನ್ನು ಒಂದೇ ಗೆರೆಯಾಗಿ ಎಳೆಯದೆ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ.

ಕೊನೆಗೆ ಒಂದು ಕಾಲಂ ಖಾಲಿ ಬಿಡಿ. ಉಲ್ಲೇಖ ದರದಲ್ಲಿ ಯಾರೂ ಹಣ ಕೊಡುವುದಿಲ್ಲ, ಬ್ಯಾಂಕು ಟಿ.ಟಿ. ಬೈಯಿಂಗ್ ದರ (ತಂತಿ ವರ್ಗಾವಣೆಯಲ್ಲಿ ಬಂದ ಪರದೇಶಿ ಹಣವನ್ನು ಬ್ಯಾಂಕು ಕೊಳ್ಳುವ ದರ) ಹಚ್ಚುವಾಗ ತನ್ನ ಕಮಿಷನ್ ಹಿಡಿದಿರುತ್ತದೆ. ಹಣ ಜಮೆಯಾದ ದಿನದ ದರವನ್ನು ಬ್ಯಾಂಕಿನ ಅಡ್ವೈಸ್ (ಜಮೆಯ ತಿಳಿವಳಿಕೆ ಪತ್ರ) ನೋಡಿ ಆ ಕಾಲಂನಲ್ಲಿ ಪೆನ್ನಿನಿಂದಲೇ ತುಂಬುವ ರೂಢಿ ನನ್ನದು.