ಎಪ್‌ಸ್ಟೀನ್ ಸಾವಿನ ಫಾರ್ವರ್ಡ್ ಬಂದಾಗ ಪರಿಶೀಲಿಸುವುದು ಹೇಗೆ?

ಅಪ್ರಾಪ್ತ ಹೆಣ್ಣುಮಕ್ಕಳ ಲೈಂಗಿಕ ಸಾಗಾಟದ ಆರೋಪ ಎದುರಿಸುತ್ತಿದ್ದ ಅಮೆರಿಕದ ಶ್ರೀಮಂತ ಜೆಫ್ರಿ ಎಪ್‌ಸ್ಟೀನ್ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಕರೆಕ್ಷನಲ್ ಸೆಂಟರ್ ಜೈಲಿನಲ್ಲಿ ಸತ್ತದ್ದು 2019ರ ಆಗಸ್ಟ್ 10ರಂದು. ‘ಅದು ಕೊಲೆಯೇ’ ಎನ್ನುವ ವಿಡಿಯೊಗಳು ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿವೆ. ಬಂದದ್ದನ್ನೆಲ್ಲ ನಂಬುವುದೂ ತಪ್ಪು, ಓದದೆ ತಳ್ಳಿಹಾಕುವುದೂ ತಪ್ಪು. ಒಂದು ಹಾಳೆ, ಪೆನ್ನು ಹಿಡಿದು ಕುಳಿತರೆ ಅರ್ಧ ಗಂಟೆಯ ಕೆಲಸ.

ಮೊದಲು ದಿನಾಂಕಗಳನ್ನು ಬರೆದುಕೊಳ್ಳಿ. ಜುಲೈ 6: ಬಂಧನ. ಜುಲೈ 18: ಜಾಮೀನು ನಿರಾಕರಣೆ. ಜುಲೈ 23: ಕುತ್ತಿಗೆಯ ಮೇಲೆ ಗುರುತುಗಳಿದ್ದ ಸ್ಥಿತಿಯಲ್ಲಿ ಸೆಲ್‌ನಲ್ಲಿ ಪತ್ತೆ, ಆತ್ಮಹತ್ಯೆ ತಡೆಯಲು ವಿಶೇಷ ನಿಗಾ. ಮರುದಿನವೇ ಆ ನಿಗಾ ತೆರವು. ಜುಲೈ 30: ಜೊತೆಗೊಬ್ಬ ಕೈದಿ ಇರಬೇಕೆಂಬ ಸೂಚನೆಯೊಂದಿಗೆ ಬೇರೆ ಸೆಲ್‌ಗೆ. ಆಗಸ್ಟ್ 9: ಆ ಕೈದಿ ಬೇರೆಡೆಗೆ ಹೋದ, ಬದಲಿಗೆ ಯಾರನ್ನೂ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಸುಮಾರು 6.30ಕ್ಕೆ ಎಪ್‌ಸ್ಟೀನ್ ನೇಣಿನ ಸ್ಥಿತಿಯಲ್ಲಿ ಸಿಬ್ಬಂದಿಯ ಕಣ್ಣಿಗೆ ಬಿದ್ದದ್ದು.

ಈಗ ಫಾರ್ವರ್ಡ್‌ನ ಪ್ರತಿ ಮಾತನ್ನೂ ಒಂದೊಂದು ದಿನಾಂಕದ ಮುಂದೆ ಬರೆಯಿರಿ. ಹೆಚ್ಚಿನವು ಎಡವುವುದು ಇಲ್ಲೇ. ‘ಸಿಸಿಟಿವಿ ದೃಶ್ಯವೇ ನಾಪತ್ತೆ’ ಎಂಬುದು ಎರಡು ಬೇರೆ ಸಂಗತಿಗಳ ಕಲಬೆರಕೆ. ಜುಲೈ 23ರಂದು ಸೆಲ್‌ನ ಹೊರಗಿನ ದೃಶ್ಯ ಉಳಿಯಲಿಲ್ಲ, ಏಕೆಂದರೆ ಜೈಲಿನವರು ಎತ್ತಿಟ್ಟದ್ದು ಬೇರೆ ಜಾಗದ ದೃಶ್ಯವನ್ನು. ಆಗಸ್ಟ್ 10ರದ್ದು ಬೇರೆ ಕಥೆ: ಜುಲೈ 29ರಿಂದ ರೆಕಾರ್ಡಿಂಗ್ ಯಂತ್ರ ಕೆಟ್ಟಿತ್ತು, ಸುಮಾರು ಅರ್ಧದಷ್ಟು ಕ್ಯಾಮೆರಾಗಳ ದೃಶ್ಯ ದಾಖಲಾಗುತ್ತಲೇ ಇರಲಿಲ್ಲ.

ನಂತರ ವಾಕ್ಯವನ್ನು ಒಡೆಯಿರಿ. ‘ಕಾವಲುಗಾರರು ಮಲಗಿದ್ದರು, ಅಂದಮೇಲೆ ಕೊಲೆ’ ಎಂಬುದರಲ್ಲಿ ಎರಡು ಮಾತುಗಳಿವೆ. ಮೊದಲನೆಯದಕ್ಕೆ ದಾಖಲೆಯಿದೆ. ಪ್ರತಿ 30 ನಿಮಿಷಕ್ಕೊಮ್ಮೆ ಸುತ್ತು ಹಾಕಬೇಕಿದ್ದ ಇಬ್ಬರು ಸುಮಾರು 15 ಅಡಿ ದೂರದ ಮೇಜಿನಲ್ಲೇ ಕುಳಿತಿದ್ದರು, ಸುಮಾರು ಎರಡು ಗಂಟೆ ನಿದ್ದೆಯಲ್ಲಿದ್ದಂತೆ ಕಂಡರು, ಕೈದಿಗಳ ಎಣಿಕೆ ಮಾಡಿದ್ದೇವೆಂದು ಸುಳ್ಳು ಸಹಿ ಹಾಕಿದರು ಎಂದು 2019ರ ನವೆಂಬರ್‌ನ ದೋಷಾರೋಪ ಹೇಳುತ್ತದೆ. ದಾಖಲೆ ತಿದ್ದಿದ್ದನ್ನು ಅವರು 2021ರಲ್ಲಿ ಒಪ್ಪಿಕೊಂಡರು. ಎರಡನೆಯ ಮಾತಿಗೆ ಬೇಕಾದ ಸಾಕ್ಷ್ಯವೇ ಬೇರೆ: ಯಾರು, ಎಷ್ಟು ಹೊತ್ತಿಗೆ, ಯಾವ ಬಾಗಿಲಿನಿಂದ ಒಳಗೆ ಹೋದರು? ಫಾರ್ವರ್ಡ್‌ನಲ್ಲಿ ಇದಕ್ಕೆ ಉತ್ತರವಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ಮೂಳೆಯ ವಿಷಯಕ್ಕೆ ಸಮಯ ಕೊಡಿ, ಅದು ನಿಜಕ್ಕೂ ಗಂಭೀರ. ನಾಲಿಗೆಯ ಬುಡದ ಕೆಳಗೆ ಲಾಳದಾಕಾರದ ಹಯಾಯ್ಡ್ ಎಂಬ ಮೂಳೆಯಿದೆ. ಅದು ಮುರಿದಿತ್ತು. ಕುಟುಂಬದ ಪರವಾಗಿ ಮರಣೋತ್ತರ ಪರೀಕ್ಷೆಯನ್ನು ನೋಡಿದ್ದ ನ್ಯಾಯವೈದ್ಯಕೀಯ ತಜ್ಞ ಮೈಕೆಲ್ ಬೇಡನ್, ಕುತ್ತಿಗೆಯ ಮೂರು ಮುರಿತಗಳು ಕೊಲೆಯನ್ನೇ ಹೆಚ್ಚು ಹೋಲುತ್ತವೆ ಎಂದರು. ಆದರೆ ವಯಸ್ಸಾದಂತೆ ಈ ಭಾಗಗಳು ಗಡುಸಾಗಿ ಪೆಡಸಾಗುತ್ತವೆ, ಹಿರಿಯರಲ್ಲಿ ನೇಣಿನಿಂದಲೂ ಮುರಿಯಬಲ್ಲವು. ಎಪ್‌ಸ್ಟೀನ್‌ಗೆ ಆಗ 66. ನ್ಯೂಯಾರ್ಕ್ ನಗರದ ಆಗಿನ ಮುಖ್ಯ ವೈದ್ಯಕೀಯ ಪರೀಕ್ಷಕಿ ಬಾರ್ಬರಾ ಸ್ಯಾಂಪ್ಸನ್ ಒಂದು ಮೂಳೆಯನ್ನಲ್ಲ, ಎಲ್ಲ ಕುರುಹುಗಳನ್ನೂ ಒಟ್ಟಿಗೆ ನೋಡಬೇಕೆಂದು ಹೇಳಿ ಆತ್ಮಹತ್ಯೆ ಎಂಬ ತೀರ್ಮಾನಕ್ಕೇ ನಿಂತರು. ಹಾಗಾಗಿ ಹಾಳೆಯಲ್ಲಿ ‘ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ’ ಎಂದು ಬರೆಯಿರಿ. ‘ಕೊಲೆ ಸಾಬೀತು’ ಎಂದಲ್ಲ.

2025ರ ಜುಲೈನಲ್ಲಿ ಅಮೆರಿಕ ಸರ್ಕಾರ ಬಿಡುಗಡೆ ಮಾಡಿದ, ಆ ರಾತ್ರಿಯ ಜೈಲಿನ ಸುಮಾರು 11 ಗಂಟೆಗಳ ವಿಡಿಯೊದಲ್ಲಿ ಮಧ್ಯರಾತ್ರಿಗೆ ಮುಂಚಿನ ಒಂದು ನಿಮಿಷ ಇರಲಿಲ್ಲ. ಇದನ್ನು ಸರ್ಕಾರವೇ ತನ್ನ ಮೇಲೆ ಎಳೆದುಕೊಂಡ ಅನುಮಾನ ಎನ್ನಬೇಕು. ವ್ಯವಸ್ಥೆ ಪ್ರತಿರಾತ್ರಿ ರೀಸೆಟ್ ಆಗುತ್ತದೆ ಎಂದು ಅಟಾರ್ನಿ ಜನರಲ್ ಪ್ಯಾಮ್ ಬಾಂಡಿ ವಿವರಿಸಿದರು. ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಸಮಿತಿ ಹೊರಬಿಟ್ಟ ದೃಶ್ಯದಲ್ಲಿ ಆ ನಿಮಿಷವೂ ಇತ್ತು. ಮೊದಲ ಫೈಲ್ ಎಡಿಟಿಂಗ್ ಸಾಫ್ಟ್‌ವೇರ್ ಮೂಲಕ ಹಾದುಬಂದದ್ದರ ಗುರುತುಗಳೂ ಸಿಕ್ಕಿವೆ. ಅಷ್ಟರಿಂದಲೇ ದೃಶ್ಯ ತಿರುಚಿದ್ದಾರೆ ಎನ್ನಲಾಗದು, ಅದನ್ನು ‘ಮೂಲ’ ವಿಡಿಯೊ ಎಂದೂ ಕರೆಯಲಾಗದು. ಇನ್ನೊಂದು ಎಚ್ಚರ: ಅದರಲ್ಲಿ ಎಪ್‌ಸ್ಟೀನ್‌ನ ಸೆಲ್ ಬಾಗಿಲು ಕಾಣುವುದೇ ಇಲ್ಲ. ‘ಬಾಗಿಲು ತೆರೆದದ್ದು ಕಾಣುತ್ತದೆ’ ಎನ್ನುವ ಕ್ಲಿಪ್ ಬಂದರೆ ಅದು ಈ ವಿಡಿಯೊ ಅಲ್ಲ.

ಕೊನೆಗೆ, ಅಮೆರಿಕದ ನ್ಯಾಯಾಂಗ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯ ಆಂತರಿಕ ತನಿಖಾಧಿಕಾರಿ) 2023ರ ಜೂನ್‌ನಲ್ಲಿ ಕೊಟ್ಟ ವರದಿಯನ್ನು ತೆರೆದು ಹಾಳೆಯೊಂದಿಗೆ ಹೋಲಿಸಿ. ಸೆಲ್‌ನಲ್ಲಿ ಅಗತ್ಯಕ್ಕಿಂತ ಹೆಚ್ಚು ಬಟ್ಟೆ, ಹೊದಿಕೆ ಬಿಟ್ಟಿದ್ದು, ಜೊತೆ ಕೈದಿ ಇಲ್ಲದ್ದು, ಸುತ್ತು ತಪ್ಪಿಸಿದ್ದು ಎಲ್ಲವೂ ಅದರಲ್ಲಿವೆ. ಆತ್ಮಹತ್ಯೆಯಲ್ಲ ಎನ್ನಲು ಪುರಾವೆ ಮಾತ್ರ ಅದರಲ್ಲಿಲ್ಲ. ಕಳುಹಿಸಿದವರಿಗೆ ಉತ್ತರಿಸುವಾಗ ಈ ಲೋಪಗಳನ್ನು ಬಿಡದೆ ಹೇಳಿ. ಆರೋಪಿ ಸತ್ತ ಕಾರಣ ಆಗಸ್ಟ್ 29ರಂದು ಮೊಕದ್ದಮೆಯೇ ವಜಾ ಆಯಿತು, ದೂರು ಕೊಟ್ಟ ಹೆಣ್ಣುಮಕ್ಕಳಿಗೆ ಅವನನ್ನು ಕಟಕಟೆಯಲ್ಲಿ ನೋಡುವ ದಿನ ಬರಲೇ ಇಲ್ಲ.