ಜವುಗು ಕಾಡಿನಲ್ಲಿ ಹಾವು ಹುಡುಕುವುದು ಹೇಗೆ

ನಸುಕಿಗೇ ಎದ್ದು ಓಡಬೇಡಿ. ಹಾವಿಗೂ ಆಮೆಗೂ ಮೈ ಕಾಯಿಸಲು ಬಿಸಿಲು ಬೇಕು, ಅಲ್ವಾ? ನಾನಂತೂ ಬಿಸಿಲು ಬಿದ್ದು ಗಂಟೆಯಾದ ಮೇಲೇ ಹೊರಡುತ್ತೇನೆ. ಗಮ್‌ಬೂಟು, ಉದ್ದನೆಯ ಕೋಲು, ಬೈನಾಕ್ಯುಲರ್ ಸಾಕು.

ಬೈನಾಕ್ಯುಲರ್ ಆಮೆಗಾಗಿ. ನೀರಿಗೆ ಬಾಗಿದ ದಿಮ್ಮಿಯ ಮೇಲೆ ಸಾಲಾಗಿ ಕೂತಿರುತ್ತವೆ. ಹತ್ತಿರ ಹೋದರೆ ಒಂದರ ಹಿಂದೊಂದು ಬುಳುಕ್! ಮೊದಲ ವರ್ಷವೆಲ್ಲ ನಾನು ನೋಡಿದ್ದು ಬರೀ ನೀರಿನ ಉಂಗುರ.

ಹಾವಿಗೆ ಬಿಸಿಲು, ನೆರಳು ಸೇರುವ ಅಂಚು ನೋಡಿ. ಹತ್ತು ಹೆಜ್ಜೆ ನಡೆದು ನಿಲ್ಲಿ. ಬೇರಿನ ಸಂದಿ, ಪೊದೆಯ ಬುಡದಲ್ಲಿ ನಿಧಾನವಾಗಿ ಕಣ್ಣಾಡಿಸಿ. ಇಡೀ ಹಾವು ಕಾಣುವುದು ಕಡಿಮೆ. ಮೈಯ ಒಂದು ತಿರುವು, ಒಂದು ಹೊಳಪು ಕಂಡರೆ ಅದೇ ಜಾಸ್ತಿ.

ಬಿದ್ದ ಕೊರಡಿನ ಅಡಿಗೆ ಕೈ ಹಾಕಲೇಬೇಡಿ. ಕೋಲಿನಿಂದ ಅದರ ಆಚೆಯ ಅಂಚನ್ನು ನಿಮ್ಮ ಕಡೆಗೆ ಎತ್ತಿ. ಆಗ ನಿಮಗೂ ಹಾವಿಗೂ ನಡುವೆ ಕೊರಡೇ ಅಡ್ಡ. ಒಳಗಿದ್ದ ಜೀವ ಸರಿದ ಮೇಲೆ ಇದ್ದ ಹಾಗೇ ಇಡಿ. ದಾಟುವಾಗಲೂ ಮೊದಲು ಮೇಲೆ ಹತ್ತಿ, ಆಚೆ ನೋಡಿ, ಆಮೇಲೆ ಇಳಿಯಿರಿ.

ಪೊರೆ ಸಿಕ್ಕಿದರೆ ಖುಷಿಪಡಿ. ಸಾಕ್ಸ್ ಕಳಚಿದ ಹಾಗೆ ಒಳಮಗ್ಗುಲು ಹೊರಗಾಗಿರುತ್ತದೆ. ತಲೆಯ ಭಾಗ ಹರಿಯದಿದ್ದರೆ ಕಣ್ಣಿನ ಮೇಲಿದ್ದ ಪಾರದರ್ಶಕ ಪೊರೆಯೂ ಎರಡು ಪುಟ್ಟ ಬಟ್ಟಲಿನಂತೆ ಕಾಣುತ್ತದೆ.

ಹಾವನ್ನು ಮಾತ್ರ ಸುಮ್ನೆ ನೋಡಿ, ಹಿಡಿಯಬೇಡಿ. ಗುರುತು ಸಿಗದ್ದನ್ನೆಲ್ಲ ನಾನು ವಿಷದ್ದೇ ಅಂತ ಲೆಕ್ಕ ಹಾಕುತ್ತೇನೆ.