ಗೌಟ್ ಇದ್ದರೂ ಬೇಳೆ ಬಿಡಬೇಕಿಲ್ಲ: ನಾನು ಅನುಸರಿಸುವ ಊಟದ ಕ್ರಮ

ಗೌಟ್ ಎಂದರೆ ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಕೀಲುಗಳಲ್ಲಿ ಹರಳುಗಟ್ಟಿ ಬರುವ ನೋವು. ಯೂರಿಕ್ ಆಸಿಡ್ ಜಾಸ್ತಿ ಇದೆ ಅಂತ ರಿಪೋರ್ಟ್ ಬಂದರೆ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ತೊಗರಿಬೇಳೆ. ಆಮೇಲೆ ಮೊಸರು, ಟೊಮೆಟೊ, ಪಾಲಕ್, ಹುಣಸೆಹುಳಿ ಒಂದೊಂದಾಗಿ ಹೋಗುತ್ತವೆ. ಕೊನೆಗೆ ತಟ್ಟೆಯಲ್ಲಿ ಅನ್ನ, ಮೆಣಸಿನ ಸಾರು, ಉಪ್ಪಿನಕಾಯಿ ಉಳಿಯುತ್ತವೆ. ಭಾನುವಾರದ ಕಾಲು ಸೂಪು ಮಾತ್ರ ‘ಮೂಳೆಗೆ ಒಳ್ಳೆಯದು’ ಎಂಬ ಹೆಸರಲ್ಲಿ ನಡೆದೇ ಇರುತ್ತದೆ. ಇದು ತಲೆಕೆಳಗಾದ ಪಥ್ಯ. ನಾನು ಬೇಳೆ, ಸೊಪ್ಪು, ಮಜ್ಜಿಗೆ ಯಾವುದನ್ನೂ ಬಿಟ್ಟಿಲ್ಲ. ಬಿಟ್ಟಿರುವುದು ಸೂಪು, ಲಿವರ್, ಬೋಟಿ, ಸಣ್ಣ ಮೀನು, ಬಿಯರ್ ಮತ್ತು ಸಕ್ಕರೆ ಹಾಕಿದ ಪಾನೀಯ.

ಪ್ಯೂರಿನ್ ಎಂಬ ವಸ್ತು ಇರುವುದು ಜೀವಕೋಶಗಳಲ್ಲಿ. ಕೋಶಗಳು ಕಿಕ್ಕಿರಿದಷ್ಟೂ ಪ್ಯೂರಿನ್ ಹೆಚ್ಚು, ಅದು ಒಡೆದರೆ ಆಗುವುದೇ ಯೂರಿಕ್ ಆಸಿಡ್. ಕೋಳಿ ಲಿವರ್ 100 ಗ್ರಾಂನಲ್ಲಿ 300 ಮಿಲಿಗ್ರಾಂ ದಾಟುತ್ತದೆ. ಬೂತಾಯಿ 200ರ ಆಚೀಚೆ, ಬಂಗುಡೆ 120ರ ಹತ್ತಿರ, ಅಕ್ಕಿ 26. ಮೊಟ್ಟೆ ಮತ್ತು ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಒಟ್ಟು 400 ಮಿಲಿಗ್ರಾಂ ಮೀರಬಾರದು ಎನ್ನುವುದು ಜಪಾನಿನ ವೈದ್ಯರ ಲೆಕ್ಕ. ನಾನು ಇದನ್ನು ಗ್ರಾಂ ತಪ್ಪದೆ ಕೂಡಿಸುತ್ತ ಕೂರುವುದಿಲ್ಲ. 100 ಗ್ರಾಂಗೆ 200 ದಾಟುವ ಪದಾರ್ಥ ಮನೆಗೆ ತರುವುದಿಲ್ಲ, ಅಷ್ಟೆ.

ಬೇಳೆಯಲ್ಲೂ ಪ್ಯೂರಿನ್ ಇದೆ, ನಿಜ. ಆದರೆ ಅಮೆರಿಕದಲ್ಲಿ ಸುಮಾರು 47,000 ಗಂಡಸರ ಊಟವನ್ನು 12 ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸ ಮತ್ತು ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚಾಗಿ ಬಂತು. ಬೇಳೆಕಾಳು, ಸೊಪ್ಪಿನಂಥ ಪ್ಯೂರಿನ್ ಇರುವ ತರಕಾರಿ ತಿಂದವರಿಗೆ ಹಾಗಾಗಲಿಲ್ಲ. ಕೆನೆ ಕಡಿಮೆಯಿರುವ ಹಾಲು ಮೊಸರು ತೆಗೆದುಕೊಂಡವರಿಗೆ ಕಡಿಮೆಯೇ ಆಯಿತು. ಹಾಲಿನ ಪ್ರೋಟೀನು ಮೂತ್ರದಲ್ಲಿ ಯೂರಿಕ್ ಆಸಿಡ್ ಹೊರಹೋಗಲು ಸಹಾಯ ಮಾಡುತ್ತದೆ. ಹೀಗಿರುವಾಗ ಮೊಸರು ಬಿಡಿಸುವುದೆಂದರೆ ಉಪಕಾರಿಯನ್ನೇ ಮನೆಯಿಂದ ಆಚೆ ಕಳಿಸಿದಂತೆ. ಹುಳಿ ತಿಂದರೆ ಯೂರಿಕ್ ಆಸಿಡ್ ಏರುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ನಾಲಿಗೆಗೆ ತಾಗುವ ಹುಳಿಗೂ ಈ ಆಸಿಡ್‌ಗೂ ನಂಟಿಲ್ಲ. ಟೊಮೆಟೊ ಕೆಲವರಿಗೆ ಆಗುವುದಿಲ್ಲ. ಅನುಮಾನವಿದ್ದರೆ ಎರಡು ವಾರ ಬಿಟ್ಟು, ಮತ್ತೆ ತಿಂದು ನೋಡಿ ತೀರ್ಮಾನಿಸಿ.

ಬೇಳೆಯ ಅಳತೆ ಒಬ್ಬರಿಗೆ ಒಂದು ಊಟಕ್ಕೆ ಒಣಬೇಳೆ 30ರಿಂದ 40 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ. ಹೆಸರುಕಾಳು, ಅವರೆಕಾಳು, ಹುರುಳಿ ಎಲ್ಲಕ್ಕೂ ಇದೇ ಅಳತೆ. ‘ಬೇಳೆ ತಿಂದ ಮಾರನೆ ದಿನವೇ ನೋವು ಬಂತು’ ಎನ್ನುವವರು ಆ ದಿನ ಬೇಳೆಯ ಜತೆಗೆ ಇನ್ನೇನಿತ್ತು, ನೀರೆಷ್ಟು ಕುಡಿದಿದ್ದರು ಎಂದು ಒಮ್ಮೆ ಬರೆದು ನೋಡಲಿ.

ಈಗ ಬಾಡಿನ ವಿಷಯ. ಹಳೇ ಮೈಸೂರು ಕಡೆಯ ಊಟದಲ್ಲಿ ತೊಡಕಿರುವುದು ತುಂಡಿನಲ್ಲಿ ಅಲ್ಲ, ಸಾರಿನಲ್ಲಿ. ಪ್ಯೂರಿನ್ ನೀರಿನಲ್ಲಿ ಕರಗುತ್ತದೆ. ಮಟನ್ ಬೇಯಿಸಿದಾಗ ಒಳ್ಳೆಯ ಪಾಲು ತುಂಡಿನಿಂದ ನೀರಿಗೆ ಇಳಿಯುತ್ತದೆ. ಕುಕ್ಕರಿನಲ್ಲಿ ಆ ನೀರು ಅಲ್ಲೇ ಇರುತ್ತದೆ, ಅದಕ್ಕೇ ಮಸಾಲೆ ಬೀಳುತ್ತದೆ, ಮುದ್ದೆಯ ಜತೆ ಅದೇ ಹೊಟ್ಟೆಗೆ ಹೋಗುತ್ತದೆ. ಎರಡು ಮುದ್ದೆ ನುಂಗಲು ಮುನ್ನೂರು ಮಿಲಿಲೀಟರಿಗೆ ಕಡಿಮೆಯಿಲ್ಲದಷ್ಟು ಸಾರು ಬೇಕು. ‘ನಾನು ಎರಡೇ ಪೀಸ್ ತಿಂದೆ’ ಎನ್ನುವ ಲೆಕ್ಕ ಇಲ್ಲಿ ಹಳ್ಳ ಹಿಡಿಯುತ್ತದೆ.

ಅದಕ್ಕೆ ನಾನು ಸಾರು ಮತ್ತು ಬಾಡನ್ನು ಬೇರೆ ಮಾಡಿದ್ದೇನೆ. ಮುದ್ದೆಗೆ ಸೊಪ್ಪಿನ ಬಸ್ಸಾರು ಅಥವಾ ಉಪ್ಸಾರು. ಬಾಡು ಪಕ್ಕಕ್ಕೆ, ಗಟ್ಟಿ ಹುರುಕಲಾಗಿ. ಒಬ್ಬರಿಗೆ ಹಸಿ ಮಾಂಸ 100 ಗ್ರಾಂ, ವಾರಕ್ಕೆ ಎರಡು ಸಲ. ಅರ್ಧ ಕಿಲೋ ಮಟನ್ ಆದರೆ ತುಂಡು ಸಣ್ಣಗೆ ಮಾಡಿಸಿ, ಎರಡು ಲೀಟರ್ ಕುದಿಯುವ ನೀರಿಗೆ ಅರಿಸಿನ ಹಾಕಿ, ತೆರೆದ ಪಾತ್ರೆಯಲ್ಲಿ 15 ನಿಮಿಷ ಕುದಿಸಿ ಆ ನೀರನ್ನು ಚೆಲ್ಲುತ್ತೇನೆ. ಆಮೇಲೆ ಹೊಸ ನೀರು ಒಂದೂವರೆ ಲೋಟ, ಶುಂಠಿ ಬೆಳ್ಳುಳ್ಳಿ, ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು. ಉಳಿದ ನೀರನ್ನೂ ಬಸಿಯುತ್ತೇನೆ. ಕೋಳಿಯಾದರೆ ಮೊದಲ ಕುದಿ ಹತ್ತು ನಿಮಿಷ ಸಾಕು, ಕುಕ್ಕರ್ ಬೇಡ, ಬಾಣಲೆಯಲ್ಲೇ ಬೇಯುತ್ತದೆ.

ಹೀಗೆ ಮಾಡಿದರೆ ರುಚಿ ಹೋಗುತ್ತದೆ ಎನ್ನುವ ದೂರು ಸರಿಯೇ. ನೀರಿನ ಜತೆ ರುಚಿಯೂ ಹೋಗುತ್ತದೆ. ಅದನ್ನು ಹುರಿಯುವುದರಲ್ಲಿ ವಾಪಸು ತರಬೇಕು: ಎರಡು ಈರುಳ್ಳಿ ಕೆಂಪಗಾಗುವ ತನಕ ಬಾಡಿಸಿ, ಹುರಿದು ಪುಡಿ ಮಾಡಿದ ಧನಿಯ ಎರಡು ಚಮಚ, ಕಾಳುಮೆಣಸು ಒಂದು ಚಮಚ, ಚಕ್ಕೆ, ಲವಂಗ, ಸ್ವಲ್ಪ ಗಸಗಸೆ ಕೊಬ್ಬರಿ ರುಬ್ಬಿ ಹಾಕಿ, ಎಣ್ಣೆ ಬಿಡುವ ತನಕ ಹುರಿದ ಮೇಲೆ ಬಾಡು ಹಾಕಬೇಕು. ಕೊನೆಗೆ ನಿಂಬೆಹುಳಿ. ಸಪ್ಪೆಯೆನಿಸಿತು ಅಂತ ಸೂಪ್ ಪುಡಿ ಅಥವಾ ಸ್ಟಾಕ್ ಕ್ಯೂಬ್ ಉದುರಿಸಿದರೆ ಚೆಲ್ಲಿದ್ದೇ ಹಿಂದಿನ ಬಾಗಿಲಿನಿಂದ ಬಂದಂತೆ. ಇನ್ನೊಂದು ಮಾತು, ಬಸಿದರೂ ಲಿವರ್, ಗುಂಡಿಗೆ, ಮೆದುಳು, ಬೋಟಿ ನಿರಪಾಯಕಾರಿ ಆಗುವುದಿಲ್ಲ. ಅವುಗಳಲ್ಲಿ ಮೊದಲೇ ಅಷ್ಟು ಇರುತ್ತದೆ. ಹೊಸತೊಡಕಿನ ದಿನ ಮಟನ್ ಹುರುಕಲು ಎರಡು ಸೌಟು ಹಾಕಿಸಿಕೊಂಡು, ತಲೆಮಾಂಸ ಮತ್ತು ಬೋಟಿ ಗೊಜ್ಜನ್ನು ಮುಂದಕ್ಕೆ ಸಾಗಹಾಕುತ್ತೇನೆ.

ಕರಾವಳಿಯವರಿಗೆ ಮೀನು ಬಿಡಿ ಎನ್ನುವುದು ಆಗದ ಮಾತು. ಬೂತಾಯಿ, ಬೊಳೆಂಜಿರ್‌ನಂಥ ಸಣ್ಣ ಮೀನು ಬಿಟ್ಟು, ವಾರಕ್ಕೆ ಎರಡು ದಿನ ಒಂದೊಂದು ಮಧ್ಯಮ ಗಾತ್ರದ ಬಂಗುಡೆ ಇಟ್ಟುಕೊಳ್ಳಬಹುದು. ಸಿಗಡಿ ಬೂತಾಯಿಯ ಹತ್ತಿರವೇ ಬರುತ್ತದೆ. ಒಣಸಿಗಡಿ ಚಟ್ನಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದವರು ಬಹಳ ಮಂದಿ. ಒಣಗಿದಾಗ ಹೋಗುವುದು ನೀರು ಮಾತ್ರ, ಪ್ಯೂರಿನ್ ಉಳಿದು ದಟ್ಟವಾಗುತ್ತದೆ. ಮಾಂಸ ಮೀನು ಇಲ್ಲದ ದಿನಕ್ಕೆ ಮೊಟ್ಟೆ ಇದೆ. ಎಷ್ಟೆಂಬುದನ್ನು ಕೊಲೆಸ್ಟರಾಲ್ ನೋಡಿ ನಿರ್ಧರಿಸಿ, ಗೌಟ್ ನೋಡಿ ಅಲ್ಲ.

ಶುದ್ಧ ಸಸ್ಯಾಹಾರಿಗಳಿಗೆ ಗೌಟ್ ಏಕೆ ಬರುತ್ತದೆ ಎಂದು ಕೇಳುವವರಿಗೆ ಒಂದು ಉತ್ತರ ಸಕ್ಕರೆ. ಸಕ್ಕರೆಯ ಅರ್ಧ ಫ್ರಕ್ಟೋಸ್. ಲಿವರಿನಲ್ಲಿ ಅದು ಕರಗುವಾಗ ಕೋಶದ ಶಕ್ತಿಯಾದ ಎಟಿಪಿ ಖರ್ಚಾಗಿ, ಅದರ ಒಡಕಿನಿಂದಲೇ ಯೂರಿಕ್ ಆಸಿಡ್ ಹುಟ್ಟುತ್ತದೆ. ಕೂಲ್‌ಡ್ರಿಂಕ್, ಕಬ್ಬಿನ ಹಾಲು, ಪ್ಯಾಕೆಟ್ ಜ್ಯೂಸು, ಬೆಲ್ಲದ ಪಾನಕ, ಜೇನುನೀರು ಎಲ್ಲವೂ ಇದೇ ಸಾಲಿನವು. ಬೆಲ್ಲಕ್ಕೆ ಇಲ್ಲಿ ವಿನಾಯಿತಿ ಇಲ್ಲ. ಫಿಲ್ಟರ್ ಕಾಫಿ ಒಳ್ಳೆಯದೇ, ಕಾಫಿ ಕುಡಿಯುವವರಲ್ಲಿ ಗೌಟ್ ಕಡಿಮೆ ಕಂಡಿದೆ. ಆದರೆ ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಎಂದರೆ 35–40 ಗ್ರಾಂ ಸಕ್ಕರೆ. ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಬಂದರೆ ನಾಲಿಗೆ ಜಗಳ ಮಾಡುವುದಿಲ್ಲ. ಹಣ್ಣನ್ನು ಕಚ್ಚಿ ತಿನ್ನಿ, ಹಿಂಡಬೇಡಿ. ಸೀಬೆ, ಕಿತ್ತಳೆ, ಪಪ್ಪಾಯ ಒಳ್ಳೆಯವು. ಚೆರಿ ಒಳ್ಳೆಯದು ಎಂದು ಓದಿ ಬೇಕರಿಯ ಕೆಂಪು ಚೆರಿ ಕೊಳ್ಳಬೇಡಿ, ಅದು ಬಹುಪಾಲು ಸಕ್ಕರೆ ಪಾಕದಲ್ಲಿ ಬಣ್ಣ ಹಾಕಿದ ಕರಂಡೆಕಾಯಿ.

ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು: ಆಲ್ಕೋಹಾಲೂ ಇದೆ, ಪ್ಯೂರಿನ್ನೂ ಇದೆ. ಹಾಗಂತ ವಿಸ್ಕಿ, ರಮ್ ಸುರಕ್ಷಿತ ಅಲ್ಲ.

ಮಜ್ಜಿಗೆಗೆ ಹಾಲು ಕಾಯಿಸಿ, ಆರಿಸಿ, ಕೆನೆ ತೆಗೆದು ಹೆಪ್ಪು ಹಾಕುತ್ತೇನೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು. ಬಿಪಿ ಇದ್ದರೆ ಉಪ್ಪಿನ ಬದಲು ಶುಂಠಿ, ಕೊತ್ತಂಬರಿ ಸೊಪ್ಪು. ದಿನಕ್ಕೆ ಎರಡು ದೊಡ್ಡ ಲೋಟ. ಇದರ ಮೇಲೆ ನೀರು ಎರಡರಿಂದ ಎರಡೂವರೆ ಲೀಟರ್. ಒಂದು ಲೀಟರ್ ಬಾಟಲಿ ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಮಲಗುವ ಮುಂಚೆ ಒಂದು ಲೋಟ ಕುಡಿಯುವುದನ್ನು ಬಿಡುವುದಿಲ್ಲ. ಗೌಟ್ ಹೆಚ್ಚಾಗಿ ಎಬ್ಬಿಸುವುದು ರಾತ್ರಿ, ಮೈ ಒಣಗಿ ಪಾದ ತಣ್ಣಗಾದ ಹೊತ್ತಿನಲ್ಲಿ. ತಣ್ಣಗಾದಷ್ಟೂ ಯೂರಿಕ್ ಆಸಿಡ್ ಕರಗಿ ಇರಲಾರದೆ ಹರಳುಗಟ್ಟುತ್ತದೆ. ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ಮಾತ್ರ ನೀರಿನ ಪ್ರಮಾಣವನ್ನು ಡಾಕ್ಟರನ್ನು ಕೇಳಿಯೇ ಇಟ್ಟುಕೊಳ್ಳಬೇಕು.

ಉಪವಾಸದ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ದೇಹ ಕೊಬ್ಬು ಸುಟ್ಟು ಕೀಟೋನ್ ಮಾಡುತ್ತದೆ, ಅದು ಕಿಡ್ನಿಯಲ್ಲಿ ಯೂರಿಕ್ ಆಸಿಡ್ ಹೊರಹೋಗುವ ದಾರಿಗೆ ಅಡ್ಡ ನಿಲ್ಲುತ್ತದೆ. ಏಕಾದಶಿ, ಶಿವರಾತ್ರಿಯ ನಿರ್ಜಲ ಉಪವಾಸ ಇದಕ್ಕಾಗಿ ಅಪಾಯ. ಮೂರು ಗಂಟೆಗೊಮ್ಮೆ ಹಾಲು, ಮಜ್ಜಿಗೆ, ಹಣ್ಣು ಇಟ್ಟುಕೊಂಡರೆ ವ್ರತವೂ ಉಳಿಯುತ್ತದೆ. ತೂಕ ಇಳಿಸುವವರಿಗೂ ಇದೇ ಮಾತು: ವಾರಕ್ಕೆ ಅರ್ಧ ಕಿಲೋ ಸಾಕು.

ಊಟದಿಂದ ರಕ್ತದ ಯೂರಿಕ್ ಆಸಿಡ್ ಇಳಿಯುವುದು ಸಾಮಾನ್ಯವಾಗಿ ಡೆಸಿಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು. 9 ಇರುವವರು ಇದರಿಂದಲೇ ಗುರಿಯಾದ 6ರ ಕೆಳಗೆ ಬರುವುದು ಕಷ್ಟ, ಅಲ್ಲಿ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಅಥವಾ ಫೆಬುಕ್ಸೋಸ್ಟ್ಯಾಟ್ ಮಾತ್ರೆ ಬೇಕಾಗುತ್ತದೆ. ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಹರಳು ಕದಲಿ ನೋವು ಬರಬಹುದು. ‘ಮಾತ್ರೆಯಿಂದಲೇ ಜಾಸ್ತಿಯಾಯಿತು’ ಎಂದು ನಿಲ್ಲಿಸಿದರೆ ಪಟ್ಟ ಪಾಡು ವ್ಯರ್ಥ. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಅದನ್ನು ತೋರಿಸಿ, ಅದು ಯೂರಿಕ್ ಆಸಿಡ್ ಏರಿಸುತ್ತದೆ.

ರಕ್ತಪರೀಕ್ಷೆಯನ್ನು ನೋವಿರುವಾಗ ಮಾಡಿಸಿ ನಾರ್ಮಲ್ ಬಂತೆಂದು ನಿಶ್ಚಿಂತೆಯಾಗಬೇಡಿ, ಆಗ ಅಂಕಿ ಕೆಳಗೆ ಕಾಣುವುದುಂಟು. ನೋವು ತಗ್ಗಿ ಎರಡು ವಾರದ ಮೇಲೆ ಮತ್ತೆ ಮಾಡಿಸಿ. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡಿದರೆ ಬರುವ ಅಂಕಿ ಆ ಎರಡು ದಿನದ್ದು. ಹಿಂದಿನ ದಿನಗಳಲ್ಲಿ ಎಂದಿನ ಊಟವನ್ನೇ ಮಾಡಿ, ಆಮೇಲೆ ರಕ್ತ ಕೊಡಿ.